ಕರವಸ್ತ್ರದ ಸಿನಿಮಾ, ಎರಡನೇ ಸಲ

ಗುರುವಾರ ಸಂಜೆ, ಮನೆಯಲ್ಲಿ ತೀರಿಕೊಂಡವರಿಗೆಂದು ಎಣ್ಣೆಯಲ್ಲಿ ರೊಟ್ಟಿ ಕರಿಯುವಾಗ, ಅನಾರ್ಕುಲ್ ಒಂದನ್ನು ಶೇಕ್ಸ್‌ಪಿಯರ್ ಹೆಸರಿನಲ್ಲೂ ಬಿಡುತ್ತಿದ್ದಳು. ಅಪ್ಪನಿಗೊಂದು, ಗಂಡನಿಗೊಂದು, ಅತ್ತೆಗೊಂದು, ಯುದ್ಧಕ್ಕೆ ಹೋಗಿ ಬಾರದ ಅಣ್ಣನಿಗೊಂದು, ಆಮೇಲೆ ಆ ಇಂಗ್ಲೆಂಡಿನವನಿಗೆ. ನೆರೆಯ ಹೆಂಗಸರು ಕಿಸಕ್ಕನೆ ನಗುತ್ತಿದ್ದರು.

"ನಗ್ರೇ, ನಗ್ರಿ. ನನ್ನ ಮೂರು ಮಕ್ಳ ಹೊಟ್ಟೆ ತುಂಬ್ಸಿದ ಪುಣ್ಯಾತ್ಮ ಅವ್ನು. ಅವ್ನ ಊರಲ್ಲಿ ಇವತ್ತು ಅವ್ನ ಹೆಸ್ರಲ್ಲಿ ಯಾರಾದ್ರೂ ರೊಟ್ಟಿ ಕರೀತಾರೋ ಇಲ್ವೋ!"

ಮಾತೇನೂ ಸುಳ್ಳಲ್ಲ. ಗಂಡ ಸತ್ತ ಮೇಲೆ ಹನ್ನೆರಡು ವರ್ಷ ಅವಳು ಸಾಮೂಹಿಕ ಬೇಸಾಯ ಸಂಘದ ಕೊಟ್ಟಿಗೆಯಲ್ಲಿ ಹಾಲು ಕರೆದಿದ್ದಳು. ಬೇಸಿಗೆಯಲ್ಲಿ ಸೋವಿಯತ್ ಕಿರ್ಗಿಜ್ ನಾಡಿನ ನಾರಿನ್ ಕಣಿವೆಯ ಮೇಲಿನ ಹುಲ್ಲುಗಾವಲಿಗೆ ಸಿನಿಮಾ ಲಾರಿ ಬರತೊಡಗಿತು. ಪರದೆಯ ಮೇಲಿನವರು ಮಾತಾಡುವುದು ರಷ್ಯನ್, ಕುರಿಗಾಹಿಗಳಿಗೆ ಗೊತ್ತಿದ್ದದ್ದು ಕಿರ್ಗಿಜ್ ಒಂದೇ. ಹುಡುಗಿಯಾಗಿದ್ದಾಗ ಪಟ್ಟಣದ ಸೈನಿಕರ ಬಟ್ಟೆ ಒಗೆದು ರಷ್ಯನ್ ಕಲಿತಿದ್ದ ಅನಾರ್ಕುಲ್ ಪಕ್ಕದ ಮುದುಕಿಗೆ ಪಿಸುಗುಟ್ಟುತ್ತಿದ್ದಳು. ಕೇಳುತ್ತ ಕೇಳುತ್ತ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಸಿನಿಮಾ ನೋಡುತ್ತಿದ್ದವರೆಲ್ಲ ಅವಳತ್ತ ತಿರುಗಿದರು. ಅಂದಿನಿಂದ ಪರದೆಯ ಪಕ್ಕ ನಿಂತು ಕಥೆ ಹೇಳುವುದೇ ಅವಳ ಕೆಲಸವಾಯಿತು, ಸಂಬಳವೂ ಸಿಕ್ಕಿತು.

ಯಾವ ಸಿನಿಮಾ ಬಂದರೂ ಜನ ಕೇಳುತ್ತಿದ್ದದ್ದು ಶೇಕ್ಸ್‌ಪಿಯರನದನ್ನೇ. ಮೂರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿದ ಮುದುಕನನ್ನು ಎಲ್ಲರೂ ಬಾಯ್ತುಂಬ ಬೈದರು. ಕೊಲ್ಲಲೋ ಬೇಡವೋ ಎಂದು ಯೋಚಿಸುತ್ತಲೇ ಉಳಿದ ರಾಜಕುಮಾರನ ಸಿನಿಮಾ ಬಂದ ಮೇಲೆ, ಕತ್ತರಿ ಹಿಡಿದು ಕನಸು ಕಾಣುವವನಿಗೆ, "ಏನಪ್ಪಾ ರಾಜಕುಮಾರ, ಕುರಿ ಮುದಿಯಾಗೋವರ್ಗೂ ಯೋಚ್ನೆ ಮಾಡ್ತೀಯಾ?" ಎನ್ನುವುದು ಉಣ್ಣೆ ಕತ್ತರಿಸುವವರಲ್ಲಿ ರೂಢಿಯಾಯಿತು.

ಯಾರೋ ಹೊಟ್ಟೆಕಿಚ್ಚಿನವರು ದೂರು ಬರೆದರು: ಆ ಹೆಂಗಸು ಮಹಾಕೃತಿಗಳಿಗೆ ಕೈಕಾಲು ಸೇರಿಸುತ್ತಾಳೆ, ದುರಂತದಲ್ಲೂ ನಗಿಸುತ್ತಾಳೆ. ಎಪ್ಪತ್ತೊಂದರ ಜೂನ್‌ನಲ್ಲಿ ಜಿಲ್ಲಾ ಕೇಂದ್ರದಿಂದ ತುರ್ದಾಕುನ್ ಎಂಬ ತರುಣ ತನಿಖಾಧಿಕಾರಿ ಬೆರಳಚ್ಚು ಮಾಡಿದ ಕಿರ್ಗಿಜ್ ಅನುವಾದ ಹಿಡಿದುಕೊಂಡು ಬಂದ.

"ಅಕ್ಕ, ಇದ್ರಲ್ಲಿ ಇರೋದಷ್ಟೇ ಓದ್ಬೇಕು. ಒಂದು ಮಾತು ಹೆಚ್ಚಾದ್ರೂ ನಾಳೆಯಿಂದ ನೀವು ಕೊಟ್ಟಿಗೆಗೆ ವಾಪಸ್."

"ಆಯ್ತು ತಮ್ಮಾ," ಎಂದಳು ಅನಾರ್ಕುಲ್. ಕೊಟ್ಟಿಗೆಗೆ ಅವಳು ಹೆದರಲಿಲ್ಲ. ಅಲ್ಲಿ ಬಾಯಿ ಮುಚ್ಚಿಕೊಂಡು ಬದುಕಬೇಕಲ್ಲ, ಅದಕ್ಕೆ ಹೆದರಿದಳು.

ಮಧ್ಯಾಹ್ನದ ಬಿಡುವು. ಕಿಟಕಿಗಳಿಗೆ ಕಂಬಳಿ ಕಟ್ಟಿ ಸಿನಿಮಾ ಲಾರಿಯ ಚಾಲಕ ಜೋಲ್ಚು ಯಂತ್ರ ಶುರು ಮಾಡಿದ. ಹೆಂಡತಿಯನ್ನು ಅನುಮಾನಿಸಿದ ಸೇನಾಪತಿಯ ಕಥೆ. ಅನಾರ್ಕುಲ್ ಅಚ್ಚಾದ ಸಾಲುಗಳನ್ನು ಒಂದಕ್ಷರ ಬಿಡದೆ ಓದುತ್ತ ಹೋದಳು. ಪರದೆಯ ಮೇಲೆ ಹೆಂಡತಿಯ ಕರವಸ್ತ್ರ ಕೆಳಗೆ ಬಿತ್ತು. ಅದು ಇನ್ನೊಬ್ಬ ಗಂಡಸಿನ ಕೈ ಸೇರಿತು.

ಈ ಕಡೆ ಹುಡುಗಿಯರು ಮನಸ್ಸಿಗೆ ಬಂದವನ ಮುಂದೆ ಕಸೂತಿ ಕರವಸ್ತ್ರ ಬೀಳಿಸುವುದು ವಾಡಿಕೆ. ಎತ್ತಿಕೊಂಡರೆ ಒಪ್ಪಿದ ಹಾಗೆ. ಶೆಡ್ಡು ಗುಲ್ಲೆದ್ದಿತು.

"ಬೀಳ್ಸಿದ್ಳು ನೋಡ್ರೋ! ಕಣ್ಣಾರೆ ಕಂಡ್ವಲ್ಲ!"

"ಗಂಡ ಎದ್ರಿಗಿದ್ದಾಗ್ಲೇ! ಎಷ್ಟು ಧೈರ್ಯ!"

ಕೊನೆಗೆ ಸೇನಾಪತಿ ಹೆಂಡತಿಯ ಕುತ್ತಿಗೆಗೆ ಕೈ ಹಾಕಿದಾಗ ಒಬ್ಬ ಚಪ್ಪಾಳೆ ತಟ್ಟಿದ. ಎಲ್ಲರಿಗಿಂತ ಹಿರಿಯಳಾದ ಕಾಲ್‌ಬುಬು ಅಜ್ಜಿ, "ಮಾಡಿದ್ದುಣ್ಣು!" ಎಂದು ಗೊಣಗಿದಳು. ತಪ್ಪೇ ಮಾಡದ ಹೆಣ್ಣು ತಾನು ಓದಿದ್ದರಿಂದಲೇ ಜನರ ಕಣ್ಣಲ್ಲಿ ಕೆಟ್ಟವಳಾಗಿ ಸತ್ತಳೆಂದು ಅನಾರ್ಕುಲ್‌ಗೆ ಅಳು ಬಂತು.

"ನಿಲ್ಸಿ!" ಎಂದು ತುರ್ದಾಕುನ್ ಕೂಗಿದ. ಮುಖ ಬಿಳಿಚಿತ್ತು. "ಅಕ್ಕ, ನೀವು... ನೀವು ಹೇಗೆ ಹೇಳ್ತಿದ್ರಿ?"

"ರೀಲು ಹಿಂದಕ್ಕೆ ಸುತ್ತೋಕೆ ಹೇಳು."

ಮತ್ತೆ ಕರವಸ್ತ್ರ ಬಿತ್ತು. ಅನಾರ್ಕುಲ್ ಕಾಗದ ಮಡಚಿ ಮುಂದೆ ಬಂದಳು. "ಹಂಗೆಲ್ಲ ಬಾಯಿಗೆ ಬಂದದ್ದು ಅನ್ಬೇಡಿ. ಗಂಡಂಗೆ ತಲೆನೋವು ಅಂತ ಕಟ್ಟೋಕೆ ಹೋದ್ಳು, ಅವ್ನೇ ತಳ್ಳಿದ, ಬಿತ್ತು. ಅವ್ರ ಊರಲ್ಲಿ ಬಿದ್ದ ಬಟ್ಟೆ ಬರೀ ಬಿದ್ದ ಬಟ್ಟೆ ಅಷ್ಟೇ. ಅಜ್ಜೀ, ನಿಮ್ಮ ಸೊಸೆ ತಲೆವಸ್ತ್ರ ಹೊಳೇಲಿ ತೇಲಿ ಕೆಳಗಿನೂರಿನ ಹುಡುಗ್ನ ಕೈಗೆ ಸಿಕ್ತಲ್ಲ, ಅವತ್ತು ನೀವೇನ್ ಮಾಡಿದ್ರಿ?"

"ಮೂರು ದಿನ ಅವ್ಳ ಕೈಯಿಂದ ಚಹಾ ಕುಡೀಲಿಲ್ಲ," ಎಂದಳು ಅಜ್ಜಿ ತಗ್ಗಿದ ದನಿಯಲ್ಲಿ. ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಸೇನಾಪತಿ ಮತ್ತೆ ಹಾಸಿಗೆಯ ಬಳಿ ಬಂದ. ಕಾಲ್‌ಬುಬು ದಡಕ್ಕನೆ ಎದ್ದು ತಲೆಯ ಬಿಳಿ ವಸ್ತ್ರ ಬಿಚ್ಚಿ ಪರದೆಗೆ ಎಸೆದಳು. ಹಿರಿಯಳೊಬ್ಬಳು ಹಾಗೆ ಎಸೆದರೆ ಎಂಥ ಗಂಡಸಾದರೂ ಎತ್ತಿದ ಕೈ ಇಳಿಸಬೇಕು. "ಬಿಡೋ ಅವ್ಳನ್ನ! ಬಿಡೋ!" ವಸ್ತ್ರ ಪರದೆಗೆ ತಾಗಿ ನೆಲಕ್ಕೆ ಜಾರಿತು. ಅವನು ಬಿಡಲಿಲ್ಲ. ಇಡೀ ಶೆಡ್ಡು ಬಿಕ್ಕಿತು.

ಕಂಬಳಿ ಸರಿಸಿದಾಗ ತುರ್ದಾಕುನ್ ಆ ವಸ್ತ್ರವನ್ನೆತ್ತಿ, ಧೂಳು ಕೊಡವಿ, ಎರಡೂ ಕೈಯಿಂದ ಅಜ್ಜಿಗೆ ಒಪ್ಪಿಸಿದ. ಆಮೇಲೆ ಅನಾರ್ಕುಲ್ ಮುಂದೆ ಬಂದು ನಿಂತ.

"ವರದೀಲಿ ಏನ್ ಬರೀತೀಯಾ ತಮ್ಮಾ?"

"ನಿಮ್ಮ ಅನುವಾದ ಸರಿಯಾಗಿದೆ ಅಂತ." ಅವನು ಅವಳ ಕೈಯಲ್ಲಿದ್ದ ಕಾಗದ ತೋರಿಸಿದ. "ಅಕ್ಕ, ಇದ್ರಲ್ಲಿರೋ ಅನುವಾದ ಮಾಡ್ದೋನು ನಾನೇ. ಮೊನ್ನೆ ಅಮ್ಮಂಗೆ ಓದಿ ತೋರ್ಸಿದೆ. 'ಒಳ್ಳೇದಾಯ್ತು, ಸತ್ಳಲ್ಲ' ಅಂದ್ರು. ಹಳ್ಳಿಯವ್ರಿಗೆ ಏನು ಗೊತ್ತಾಗುತ್ತೆ ಅಂತ ನಾನು ನಕ್ಬಿಟ್ಟೆ. ನೀವು ನಮ್ಮೂರಿಗೂ ಬರ್ಬೇಕು. ಅಮ್ಮನ್ನ ಮುಂದಿನ ಸಾಲಲ್ಲಿ ಕೂರಿಸ್ತೀನಿ."