ಯಾರನ್ನೂ ಕೇಳದ ದಾರಿ

ಮರ್ಲ್ ತೀರಿಕೊಂಡ ನಾಲ್ಕನೇ ತಿಂಗಳಿಗೆ ಅವನ ಹೆಂಡತಿ ಅರ್ಡಿಸ್ ಬೀಲ್‌ಳ ದಾರಿಗೆ ಬೀಗ ಬಿತ್ತು. ಮೇನ್ ರಾಜ್ಯದ ಆ ಕಡಲೂರಿನಲ್ಲಿ ಗಂಡ ಹೆಂಡತಿ ಮೂವತ್ತೊಂದು ವರ್ಷ ಅದೇ ದಾರಿ ಹಿಡಿದು ಕಡಲ ನೀರು ಇಳಿದ ಹೊತ್ತಿಗೆ ಕೆಸರಿಗಿಳಿಯುತ್ತಿದ್ದರು, ಚಿಪ್ಪುಮೀನು ಅಗೆಯುತ್ತಿದ್ದರು. ದಾರಿ ಹಾಯುವ ಜಾಗ ಹಾರ್ಲನ್ ಫಾಸ್ ಎಂಬ ಮುದುಕನದು. ಅವನು ಅದನ್ನು ಮಾರಿ ರಸ್ತೆಯಾಚೆ ಮನೆ ಮಾಡಿದ. ಕೊಂಡವನು ಕೆಂಡ್ರಿಕ್. ಅವನು ಗೇಟು ನಿಲ್ಲಿಸಿದ. ಬೇರೆ ದಾರಿಯಿಲ್ಲ. ದಾರಿ ಹೋದರೆ ಕಸುಬೂ ಹೋಯಿತು.

ಅರ್ಡಿಸ್ ಕೋರ್ಟಿಗೆ ಹೋದಳು. ವಕೀಲರನ್ನು ಇಡಲಿಲ್ಲ. ಕಿಟಕಿಯ ಗುಮಾಸ್ತೆ ಫಾರಂ ಕೊಟ್ಟಳು.

"ಏನ್ ಬರೀಬೇಕು ಅಂತ ನಾನ್ ಹೇಳೋ ಹಾಗಿಲ್ಲಮ್ಮ. ಎಲ್ಲಿ ಬರೀಬೇಕು ಅಂತ ತೋರಿಸ್ತೀನಿ."

ಗೇಟು ತೆಗೆಸಿ, ಮತ್ತೆ ಅಡ್ಡಿ ಮಾಡದಂತೆ ತಡೆಯಾಜ್ಞೆ ಕೊಡಿ ಎಂದು ಅರ್ಡಿಸ್ ಬರೆದಳು. ನೆರೆಯವರ ಬಗ್ಗೆ ಕೆಟ್ಟದ್ದು ಬರೆಯುವ ರೂಢಿ ಆ ಊರಲ್ಲಿಲ್ಲ. ಹಾಗಾಗಿ, ಹಾರ್ಲನ್ ದೊಡ್ಡ ಮನಸ್ಸಿನಿಂದ ಓಡಾಡಲು ಬಿಟ್ಟಿದ್ದರು ಎಂದೂ ಸೇರಿಸಿದಳು.

ವಿಚಾರಣೆಯ ದಿನ ಕೆಂಡ್ರಿಕ್‌ನ ವಕೀಲ ಅದೇ ಸಾಲಿಗೆ ಬೆರಳಿಟ್ಟ.

"ಒಪ್ಪಿಗೆ ಇತ್ತು ಅಂತ ಇವರೇ ಬರ್ದಿದಾರೆ. ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು."

ಜಡ್ಜಮ್ಮ ಅರ್ಡಿಸ್‌ಳತ್ತ ನೋಡಿದರು. "ಇಪ್ಪತ್ತು ವರ್ಷ ಯಾರನ್ನೂ ಕೇಳದೆ, ಮಾಲೀಕನ ಕಣ್ಣೆದುರಿಗೇ, ಹಕ್ಕಿನಿಂದ ಓಡಾಡಿದ್ರೆ ದಾರಿ ನಿಮ್ಗೆ ಬರುತ್ತೆ. ಕೇಳಿ ಓಡಾಡಿದ್ರೆ ಬರಲ್ಲ."

ಅರ್ಡಿಸ್ ತಾನು ಬರೆದ ಸಾಲನ್ನು ಮತ್ತೊಮ್ಮೆ ಓದಿದಳು. ಒಂದು ಒಳ್ಳೆ ಮಾತು ಬರೆದು ಕೈಯಾರೆ ಕೆಡಿಸಿಕೊಂಡಿದ್ದಳು.

ದಾರಿ ಹಳೆಯದು ಎಂದು ಹೇಳಿಸಲು ಅವಳು ಹಾರ್ಲನ್‌ನನ್ನು ಸಾಕ್ಷಿಗೆ ಕರೆಸಿದ್ದಳು. ಎಂಬತ್ತಾರರ ಮುದುಕ ಕೋಲೂರಿ ಕಟಕಟೆ ಹತ್ತಿದ. ವಕೀಲ ಮೆತ್ತಗೆ ಕೇಳಿದ.

"ಅಜ್ಜ, ಮರ್ಲ್‌ಗೆ ನೀವು ದೊಡ್ಡ ಮನಸ್ಸು ಮಾಡಿ ಒಪ್ಪಿಗೆ ಕೊಟ್ಟಿದ್ರಿ, ಅಲ್ವಾ?"

"ಯಾರು, ನಾನಾ? ಆ ಮೊಂಡನಿಗಾ? ಮೂವತ್ತೊಂದು ವರ್ಷ ಜಗಲೀಲಿ ನಿಂತು ಬೈದಿದೀನಿ, ನನ್ನ ನೆಲ ಬಿಟ್ಟು ತೊಲಗೋ ಅಂತ. ಅವ್ನು ತಿರುಗೂ ನೋಡ್ತಿರ್ಲಿಲ್ಲ. ಗುದ್ದಲಿ ಎತ್ತಿ ಆಡಿಸ್ಕೊಂಡು ಹೋಗೋನು. ಒಂದಿನ ಕೇಳಿದ್ದಿಲ್ಲ, ಒಂದಿನ ನಿಂತಿದ್ದಿಲ್ಲ."

"ಬೇಲಿ ಹಾಕಿದ್ರಾ? ನೋಟೀಸ್ ಕೊಟ್ರಾ?" ಜಡ್ಜಮ್ಮ ಕೇಳಿದರು.

"ಬೇಲಿ ಹಾಕಿದ್ರೆ ಬೈಯೋಕೆ ಯಾರಿರ್ತಿದ್ರು?"

ಕೋರ್ಟೇ ನಕ್ಕಿತು. ವಕೀಲ ಕುಳಿತುಕೊಂಡ.

"ಮತ್ತೆ ದೊಡ್ಡ ಮನಸ್ಸು ಅಂತ ಯಾಕಮ್ಮ ಬರ್ದ್ರಿ?" ಜಡ್ಜಮ್ಮ ಅರ್ಡಿಸ್ ಕಡೆ ತಿರುಗಿದರು.

"ಮರ್ಯಾದೆಗೆ, ತಾಯಿ. ಇವರ ಬೈಗುಳ ಬರೀತೀನಿ ಅಂದ್ರೆ ಫಾರಂನಲ್ಲಿ ಜಾಗ ಇರ್ಲಿಲ್ಲ."

ತೀರ್ಪು ಅಂದೇ ಬಂತು. ಬರೀ ಬೈಗುಳ ದಾರಿ ತಡೆದ ಹಾಗಲ್ಲ, ಹಕ್ಕು ಅರ್ಡಿಸ್‌ಳದು. ಗೇಟು ವಾರದೊಳಗೆ ಹೋಗಬೇಕು. ದಾರಿಯ ಹಕ್ಕು ಭೂದಾಖಲೆಯಲ್ಲಿ ನೋಂದಣಿ ಆಗಬೇಕು. ನಾಳೆ ಆ ಜಾಗವನ್ನು ಯಾರೇ ಕೊಂಡರೂ ತಡೆಯುವಂತಿಲ್ಲ.

ಎಂಟನೇ ದಿನ ಕಂಬ ಕಿತ್ತ ಎರಡು ಗುಂಡಿ ಮಾತ್ರ ಉಳಿದಿದ್ದವು. ಅರ್ಡಿಸ್ ಮರ್ಲ್‌ನ ಗುದ್ದಲಿ ಹಿಡಿದು ನಡೆದಳು. ಅವಳ ಕೈಗೆ ಅದು ಭಾರ. ರಸ್ತೆಯಾಚೆಯ ಜಗಲಿಯಿಂದ ಮುದುಕನ ಕೂಗು ಬಂತು.

"ಯಾರನ್ನ ಕೇಳಿ ಹೋಗ್ತಿದೀಯೇ?"

ಅರ್ಡಿಸ್ ತಿರುಗಲಿಲ್ಲ. ಗುದ್ದಲಿ ಎತ್ತಿ ಆಡಿಸಿದಳು. ಹಾಗೇ ಕೆಸರಿಗಿಳಿದಳು.