ಇಂದುಬಾಯಿ ಅತ್ತಿ ಹೇಳುತ್ತಿದ್ದ ಸಿನಿಮಾ

ಬೀಡಿ ಕಟ್ಟುವವರ ಮನೆಗೆ ಡಿಗ್ರಿ ಬರುವುದಿಲ್ಲ ಎಂದವನು ಮುಕಾದಮ ದತ್ತೋಬಾ. ನಿಪ್ಪಾಣಿಯ ನಮ್ಮ ಓಣಿಯ ಹೆಂಗಸರು ಕಟ್ಟಿದ ಬೀಡಿಗಳನ್ನು ಕಾರ್ಖಾನೆಯ ಕಟ್ಟೆಯ ಮೇಲೆ ಕೂತು ನೋಡಿ ತೆಗೆದುಕೊಳ್ಳುತ್ತಿದ್ದವನು ಅವನೇ. ನಾನಾಗ ಏಳನೆಯ ತರಗತಿ. ಅವ್ವನ ಜೊತೆ ಸಾಲಿನಲ್ಲಿ ನಿಂತು ಪಾಠದ ಪುಸ್ತಕ ಓದುತ್ತಿದ್ದೆ. ಅವನು ಒಂದು ಬೀಡಿಯನ್ನು ಕಿವಿಯ ಹತ್ತಿರ ಹಿಡಿದು ಒತ್ತಿ ನೋಡುತ್ತ, "ಪೋರಿ ಕೈಯಾಗ ಪುಸ್ತಕ ಯಾಕ ಕೊಟ್ಟೀವಾ? ಕೈ ಕೆಡ್ತಾವು. ಎಷ್ಟ ಓದಿದ್ರೂ ನಿಮ್ಮ ಮನಿಗೆ ಡಿಗ್ರಿ ಬರಾಂಗಿಲ್ಲ, ಬರದ ಇಟ್ಕೋ" ಅಂದ. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಗೊತ್ತಿದ್ದುದನ್ನು ಹೇಳಿದ ಧಾಟಿಯಲ್ಲಿಯೇ ಹೇಳಿದ. ಅದಕ್ಕೇ ಇರಬೇಕು, ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವನ ಮಾತು ಮತ್ತೆ ನೆನಪಾದದ್ದು ಹೋದ ತಿಂಗಳು, ಚಿಕ್ಕೋಡಿಯ ಥೇಟರಿನಲ್ಲಿ. ಪುರಾಣದ ಕಥೆಯ ಹೊಸ ಸಿನಿಮಾ ನೋಡಲು ಹೋಗಿದ್ದೆ. ಪರದೆಯ ಮೇಲೆ ಹೀರೋ ಬೆಟ್ಟದಷ್ಟು ಬೆಳೆದು ನಿಂತಿದ್ದ. ಅವನು ಬಿಟ್ಟ ಒಂದು ಬಾಣ ಆಕಾಶದಲ್ಲಿ ಸಾವಿರವಾಗಿ ಸೈನ್ಯವನ್ನೇ ಸುಡುತ್ತಿತ್ತು, ಮುಂದಿನ ಸಾಲಿನ ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. ಅಷ್ಟರಲ್ಲಿ ತಡವಾಗಿ ಬಂದ ಒಬ್ಬ ಹೆಂಗಸು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳ ಸೀರೆಯಿಂದ ತಂಬಾಕಿನ ವಾಸನೆ ಬಂತು. ಸೇದಿದ ತಂಬಾಕಿನ ಹೊಗೆವಾಸನೆಯಲ್ಲ, ಮೂಗಿನ ಒಳಗೆ ಕೂತು ಸೀನು ತರಿಸುವ ಹಸಿ ಪುಡಿಯ ಘಾಟು. ಅದರ ಅಡಿಯಲ್ಲಿ ನೀರು ಚಿಮುಕಿಸಿ ಗೋಣಿಚೀಲದಲ್ಲಿ ಸುತ್ತಿಟ್ಟ ಬೀಡಿ ಎಲೆಯ ತಂಪು ಗಮಲು. ಆಮೇಲೆ ಸಿನಿಮಾದಲ್ಲಿ ಯಾರು ಗೆದ್ದರೋ ನನಗೆ ಗೊತ್ತಿಲ್ಲ. ನಾನು ನಮ್ಮ ಮನೆಯ ಪಡಸಾಲೆಗೆ ಹೋಗಿಬಿಟ್ಟಿದ್ದೆ.

ಆ ಪಡಸಾಲೆ ಈಗಿಲ್ಲ. ತಗಡಿನ ಚಾವಣಿ, ಸೆಗಣಿ ಸಾರಿಸಿದ ನೆಲ, ಗೋಡೆಗೆ ಬೆನ್ನು ಕೊಟ್ಟು ಐದಾರು ಹೆಂಗಸರು. ಒಬ್ಬೊಬ್ಬರ ತೊಡೆಯ ಮೇಲೂ ಒಂದು ಮೊರ, ಮೊರದೊಳಗೆ ಕತ್ತರಿಸಿದ ಎಲೆ, ತಂಬಾಕು, ದಾರದ ಉಂಡೆ. ಬೆಳಗಿನ ಬಿಸಿಲು ತಗಡಿನ ತೂತುಗಳಿಂದ ಇಳಿದಾಗ ಗಾಳಿಯಲ್ಲಿ ತೇಲುವ ಪುಡಿ ಚಿನ್ನದ ಧೂಳಿನಂತೆ ಕಾಣುತ್ತಿತ್ತು. ಕಾಣಲಷ್ಟೇ ಚಂದ, ಎಲ್ಲರೂ ಕೆಮ್ಮುತ್ತಿದ್ದರು. ಅಪ್ಪ ತಂಬಾಕಿನ ವಖಾರಿಯಲ್ಲಿ ಹಮಾಲ. ಅವನೂ ಸಂಜೆ ಅದೇ ಬಣ್ಣ ಬಳಿದುಕೊಂಡು ಬರುತ್ತಿದ್ದ. ಅವ್ವ, ಪಕ್ಕದ ಮನೆಯ ಖೈರುಂಬಿ ಚಾಚಿ, ಓಣಿಯ ಇನ್ನೂ ಕೆಲವರು, ಮತ್ತು ಎಲ್ಲರ ನಡುವೆ ಅಪ್ಪನ ಅಕ್ಕ ಇಂದುಬಾಯಿ. ಗಂಡ ತೀರಿಕೊಂಡ ಮೇಲೆ ಅತ್ತಿ ನಮ್ಮಲ್ಲಿಯೇ ಉಳಿದಿದ್ದಳು. ಬಸ್ಸಿನ ಬೋರ್ಡನ್ನೂ ಓದಲು ಬಾರದವಳು. ಆದರೆ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಯ ಸಿನಿಮಾ ಅವಳ ಬಾಯಲ್ಲಿತ್ತು.

ನಮ್ಮ ಪಡಸಾಲೆಯ ಪದ್ಧತಿ ಹೀಗಿತ್ತು. ಎಲ್ಲರೂ ಸಿನಿಮಾಕ್ಕೆ ಹೋದರೆ ಅಂದಿನ ಬೀಡಿ ಕಟ್ಟುವವರು ಯಾರು? ಅದಕ್ಕೆ ಒಬ್ಬರನ್ನೇ ಕಳಿಸುವುದು. ಶುಕ್ರವಾರ ಹೊಸ ಸಿನಿಮಾ ಬಂದರೆ ಮಧ್ಯಾಹ್ನದ ಆಟಕ್ಕೆ ಅತ್ತಿ ಹೋಗುತ್ತಿದ್ದಳು, ಅವಳ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು. ಮರುದಿನದಿಂದ ಅವಳು ಆ ಸಿನಿಮಾ ಹೇಳಬೇಕು. ಮೂರು ತಾಸಿನ ಸಿನಿಮಾ ಎರಡು ದಿನ ಬಾಳಿಕೆ ಬರಬೇಕಿತ್ತು, ಬೇಗ ಮುಗಿಸಿದರೆ ಅವಳ ಬೀಡಿ ಕಟ್ಟಿದವರಿಗೆ ಮೋಸ. ಹಾಗಾಗಿ ಅತ್ತಿ ಹಿಗ್ಗಿಸುತ್ತಿದ್ದಳು. ಪೊಲೀಸ್ ಹೀರೋನ ಕಥೆಯ ನಡುವೆ ಪುರಾಣದ ರಾಜರು ಬಂದು ಕೂಡುತ್ತಿದ್ದರು. ಕಾಡಿಗೆ ಹೊರಟ ರಾಜಕುಮಾರ ಕಾಗವಾಡದ ಹತ್ತಿರ ಹಾದು ಹೋಗುವಾಗ ಯಾರದೋ ಹೊಲದಲ್ಲಿ ಕಬ್ಬು ಮುರಿದು ತಿನ್ನುತ್ತಿದ್ದ. ಹೊಡೆದಾಟ ಬಂದರೆ ಹೆಂಗಸರ ಬೆರಳು ಓಡುತ್ತಿದ್ದವು, ಹಾಡು ಬಂದರೆ ಹದವಾಗಿ ಆಡುತ್ತಿದ್ದವು. ಸಾವು ಬಂದರೆ ಮಾತ್ರ ಕೆಲಸ ಕೆಡುತ್ತಿತ್ತು.

ಅದು ಗೊತ್ತಾದದ್ದು ಹೆಬ್ಬೆರಳಿನ ಕಥೆಯಿಂದ. ನಾನಾಗ ತೊಟ್ಟಿಲ ಕೂಸು, ಇದನ್ನು ಖೈರುಂಬಿ ಚಾಚಿ ನನಗೆ ಹೇಳಿದ್ದು ನನ್ನ ಡಿಗ್ರಿ ಮುಗಿದ ಮೇಲೆ. ಶ್ರಾವಣದಲ್ಲಿ ಥೇಟರಿಗೆ ಹಳೆಯ ಪೌರಾಣಿಕ ಸಿನಿಮಾ ಬಂದಿತ್ತು. ಮಣ್ಣಿನ ಗುರುವನ್ನು ಮಾಡಿಟ್ಟುಕೊಂಡು ಬಿಲ್ಲುವಿದ್ಯೆ ಕಲಿತ ಬೇಡರ ಹುಡುಗ, ರಾಜಕುಮಾರನಿಗಿಂತ ಮುಂದಾಗಬಾರದೆಂದು ಅವನ ಬಲಗೈ ಹೆಬ್ಬೆರಳನ್ನೇ ದಕ್ಷಿಣೆಯಾಗಿ ಕೇಳಿದ ಗುರು. ಅತ್ತಿ ನೋಡಿದಂತೆಯೇ ಹೇಳಿದಳು. ಹುಡುಗ ಬೆರಳು ಕತ್ತರಿಸಿ ಕೊಟ್ಟ ಎಂದೊಡನೆ ಪಡಸಾಲೆಯ ಕೈಗಳೆಲ್ಲ ನಿಂತವು. ಖೈರುಂಬಿ ಚಾಚಿ ಮೊರ ಕೆಳಗಿಟ್ಟು, "ಕೊಟ್ಟನಂತ? ಹುಚ್ಚ ಅದಾನೇನ ಅಂವಾ? ಬಲಗೈ ಹೆಬ್ಬಟ್ಟ ಹೋದ್ರ ನಾಳಿ ಏನ ಮಾಡೂದು, ಏನ ತಿನ್ನೂದು?" ಎಂದು ಜಗಳಕ್ಕೇ ನಿಂತಳು. ಹೆಬ್ಬೆರಳಿಲ್ಲದೆ ಎಲೆ ಸುರುಳಿಯಾಗುವುದಿಲ್ಲ. ಅದು ಆ ಹೆಂಗಸರಿಗೆ ಗೊತ್ತಿದ್ದಷ್ಟು ಯಾವ ಪಂಡಿತನಿಗೂ ಗೊತ್ತಿರಲಿಕ್ಕಿಲ್ಲ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಕಣ್ಣಿಗೆ ತಂಬಾಕು ಹತ್ತಿಸಿಕೊಂಡಳು.

ಅಂದು ಕಾರ್ಖಾನೆಯಲ್ಲಿ ದತ್ತೋಬಾ ಕಟ್ಟುಗಟ್ಟಲೆ ಬೀಡಿ ಹೊರಗೆ ಹಾಕಿದ. "ಇವೇನ ಬೀಡಿಯೋ ಪುಂಗಿಯೋ? ದಾರ ಸಡ್ಲ, ತುದಿ ಬಾಯಿ ಬಿಟ್ಟಾವು. ಯಾರ ಸತ್ತಾರವಾ ನಿಮ್ಮ ಓಣ್ಯಾಗ?"

"ಸತ್ತಿಲ್ರೀ," ಅಂದಳು ಚಾಚಿ. "ಒಬ್ಬಂದು ಹೆಬ್ಬಟ್ಟ ಹೋತ್ರಿ."

ಅಂದಿನಿಂದ ಅತ್ತಿ ದುಃಖದ ಕೊನೆಗಳನ್ನು ಬದಲಿಸತೊಡಗಿದಳು. ಆ ಹುಡುಗನ ಕಥೆ ಎರಡನೆಯ ಸಲ ಬಂದಾಗ ಅವನು ಗುರುವಿಗೆ ಕೈಮುಗಿದು ಹೇಳಿದ: "ಗುರುಗಳ, ನೀವು ಕೇಳಿದ್ರಿ, ಇಲ್ಲ ಅನ್ನಾಂಗಿಲ್ಲ. ಒಂದ ಕೊಡ ಜೇನ ಕೊಡ್ತೀನಿ, ಹೊತ್ತು ನಿಮ್ಮ ಮನೀತನಾ ಮುಟ್ಟಸ್ತೀನಿ. ಕೈ ಮಾತ್ರ ನಮ್ಮವ್ವ ಕೊಟ್ಟದ್ದು, ಅಕೀನ್ನ ಕೇಳಬೇಕಾಗ್ತೈತಿ." ಅಷ್ಟರಲ್ಲಿ ಅವನ ಅವ್ವ ಕಟ್ಟಿಗೆಯ ಹೊರೆ ಹೊತ್ತು ಬಂದಳು, ಹೊರೆ ಇಳಿಸದೆ ಗುರುವನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಗುರು ಬಂದ ದಾರಿ ಹಿಡಿದ. ಪಡಸಾಲೆಯಲ್ಲಿ ನಗುವೋ ನಗು. ಅಂದಿನ ಬೀಡಿಗಳು ಮೊಳೆಯಂತೆ ಗಟ್ಟಿಯಾಗಿದ್ದವು.

ಎಂಟನೆಯ ತರಗತಿಯ ಪಾಠದಲ್ಲಿ ಆ ಹುಡುಗ ಬೆರಳು ಕೊಟ್ಟದ್ದನ್ನು ಓದಿ ನಾನು ಗಲಿಬಿಲಿಗೊಂಡು ಕೇಳಿದೆ. ಅತ್ತಿ ತಡಬಡಾಯಿಸಲಿಲ್ಲ. "ನಮ್ಮ ಥೇಟರನ್ಯಾಗ ಆಟ ಲಗೂ ಮುಗಸಾಕ ರೀಲ್ ಕತ್ತರಸ್ತಾರಲಾ, ಹಂಗ. ಪುಸ್ತಕದಾಗೂ ಒಂದ ರೀಲ್ ಕತ್ತರಿಸ್ಯಾರ, ರೇಖಿ. ಪೂರಾ ಕಥಿ ನಮ್ಮಂತೋರ ಬಾಯಾಗ ಇರ್ತೈತಿ." ರೀಲು ಕತ್ತರಿಸುವುದು ನಿಜವೇ ಇತ್ತು. ಒಂದು ಹಾಡು ಮಾಯವಾದರೆ ಊರಿಗೂರೇ ಬೈಯುತ್ತಿತ್ತು. ನಾನು ನಂಬಿದೆ.

ಹೀಗೆ ನಾನು ಸಿನಿಮಾ ನೋಡದೆಯೇ ಸಿನಿಮಾದ ಹುಚ್ಚಿಯಾದೆ. ಮೊದಲ ಸಲ ನಿಜವಾದ ಪರದೆಯ ಮುಂದೆ ಕೂತಾಗ ನನಗೆ ಆದದ್ದು ಬರೀ ಸಿಟ್ಟು. ಅತ್ತಿಯ ಹೀರೋ ಹೊಡೆದಾಟಕ್ಕೆ ಮುಂಚೆ ಎದುರಿನವನನ್ನು "ಉಂಡ ಬಂದೀಯೋ ಇಲ್ಲೋ" ಎಂದು ಕೇಳುತ್ತಿದ್ದ. ಪರದೆಯವನು ಕೇಳಲಿಲ್ಲ. ಅತ್ತಿಯ ಸಿನಿಮಾದಲ್ಲಿ ಹೀರೋನ ತಾಯಿಗೆ ಒಂದು ಹೆಸರಿತ್ತು, ಕೆಲಸವಿತ್ತು, ಬಾಯಿಯೂ ಇತ್ತು. ಪರದೆಯ ತಾಯಿ ಬರೀ ಕೆಮ್ಮಿದಳು, ದೇವರ ಮುಂದೆ ದೀಪ ಹಚ್ಚಿದಳು, ಸತ್ತಳು. ನಾನು ಆ ಪರದೆಯೇ ಸುಳ್ಳು ಎಂದುಕೊಂಡು ಮನೆಗೆ ಬಂದೆ.

ಡಿಗ್ರಿಗೆ ಸೇರಿದ್ದು ಜಗಳಾಡಿಯೇ. ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಮೊರ. ನೋಟ್ಸನ್ನು ಮುಂದೆ ಬಿಚ್ಚಿಟ್ಟು ಬೀಡಿ ಕಟ್ಟುತ್ತ ಓದುತ್ತಿದ್ದೆ, ಈಗಲೂ ಆ ಹಾಳೆಗಳ ಅಂಚು ಕಂದು. ಕೊನೆಯ ಸೆಮಿಸ್ಟರಿನ ಕನ್ನಡ ಪರೀಕ್ಷೆಯಲ್ಲಿ ಆ ಬೇಡರ ಹುಡುಗನ ಗುರುಭಕ್ತಿಯ ಮೇಲೆಯೇ ದೊಡ್ಡ ಪ್ರಶ್ನೆ ಬಂತು. ನನಗೆ ಹಬ್ಬ. ಪಠ್ಯದಲ್ಲಿ ಇದ್ದುದನ್ನು ಒಂದು ಪುಟದಲ್ಲಿ ಮುಗಿಸಿ, 'ಪಠ್ಯದಲ್ಲಿ ಬಿಟ್ಟುಹೋಗಿರುವ ಭಾಗ' ಎಂದು ತಲೆಬರಹ ಕೊಟ್ಟು, ಜೇನಿನ ಕೊಡ, ಕಟ್ಟಿಗೆಯ ಹೊರೆ, ತಾಯಿಯ ನೋಟ ಎಲ್ಲವನ್ನೂ ನಾಲ್ಕು ಪುಟ ಬರೆದೆ. ಮುಂದಿನ ಪ್ರಶ್ನೆಗೆ ಹೊತ್ತೇ ಉಳಿಯಲಿಲ್ಲ. ಡಿಗ್ರಿಯ ಹುಡುಗಿ ಇದನ್ನು ನಂಬಿದ್ದಳೇ ಎಂದು ನೀವು ಕೇಳಬಹುದು. ನಂಬಿದ್ದೆ. ಹೌದೋ ಅಲ್ಲವೋ ಎಂದು ಕೇಳಲು ನಮ್ಮ ಮನೆಯಲ್ಲಿ ಓದಿದವರು ಯಾರಿದ್ದರು?

ನಪಾಸಾದೆ. ಮತ್ತೆ ಆ ಪರೀಕ್ಷೆಗೆ ಒಂದು ವರ್ಷ ಕಾಯಬೇಕು. ನಂಬಲಾಗದೆ ಉತ್ತರಪತ್ರಿಕೆಯ ಝೆರಾಕ್ಸ್ ತರಿಸಿದೆ. ನಾಲ್ಕು ಪುಟಕ್ಕೂ ಮೂಲೆಯಿಂದ ಮೂಲೆಗೆ ಒಂದೊಂದು ಗೆರೆ. ಕೊನೆಯಲ್ಲಿ, 'ಇದು ಯಾವ ಕಾವ್ಯದಲ್ಲಿದೆ?' ದತ್ತೋಬಾ ಅಂದು ಸಾಲಿನಲ್ಲಿ ನನ್ನನ್ನು ಕಂಡು ನಕ್ಕ. "ನಾ ಹೇಳಿದ್ದಿಲ್ಲೇನ?"

ಆ ನಗುವನ್ನು ಹೊತ್ತುಕೊಂಡೇ ಮನೆಗೆ ಬಂದೆ. ಪಡಸಾಲೆಯಲ್ಲಿ ಅತ್ತಿ ಹೊಸ ಸಿನಿಮಾ ಹೇಳುತ್ತಿದ್ದಳು. ಹೀರೋನನ್ನು ಸುಳ್ಳು ಕೇಸಿನಲ್ಲಿ ಜೈಲಿಗೆ ಹಾಕಿದ್ದರು, ಇಂಟರ್‌ವಲ್ ಆಗಿತ್ತು. ನಾನು ಆ ಹಾಳೆಗಳನ್ನು ಅವಳ ಮೊರದ ಮೇಲೆ ಒಗೆದೆ. "ನಿನ್ನ ಸುಳ್ಳು ಕಥಿ ಕೇಳಿ ನಾ ನಪಾಸಾದೆ. ಯಾವ ಪುಸ್ತಕದಾಗೂ ಇಲ್ಲದ್ದ, ಯಾವ ಸಿನಿಮಾದಾಗೂ ಇಲ್ಲದ್ದ. ಹೊಟ್ಟಿಪಾಡಿಗೆ ಹುಟ್ಟಸಿದ್ದು."

"ಯಾವುದ ಬೇ?" ಅಂದಳು ಅತ್ತಿ, ಮೆಲ್ಲಗೆ.

"ಹೆಬ್ಬಟ್ಟಿಂದು."

ಖೈರುಂಬಿ ಚಾಚಿ, "ಹೋಗಲಿ ಬಿಡ ಬೇಟಿ, ಕಥಿ ಅಲ್ಲೇನ" ಎಂದಳು. ನಾನು ಬಿಡಲಿಲ್ಲ. ಪರೀಕ್ಷಕರು ಬರೆದ ಆ ಸಾಲನ್ನು ಎಲ್ಲರ ಮುಂದೆ ಎರಡು ಸಲ ಓದಿದೆ. ಅತ್ತಿ ಹಾಳೆಗಳ ಮೇಲೆ ಬಿದ್ದ ತಂಬಾಕನ್ನು ಜಾಗ್ರತೆಯಿಂದ ಮೊರಕ್ಕೆ ಕೊಡವಿ, ಹಾಳೆಗಳನ್ನು ನನಗೆ ಕೊಟ್ಟು, ಕೆಲಸಕ್ಕೆ ಬಗ್ಗಿದಳು. ಆ ಹೀರೋ ಜೈಲಿನಿಂದ ಬಿಡುಗಡೆಯಾಗಲೇ ಇಲ್ಲ. ಮುಂದಿನ ಶುಕ್ರವಾರ ಅವ್ವ ಬಿಸಿಲಿಗೆ ತಲೆಯ ಮೇಲೆ ಹಾಕಿಕೊಳ್ಳುವ ಟವೆಲ್ಲು, ಚಪ್ಪಲಿ ತಂದು ಮುಂದಿಟ್ಟರೂ ಅತ್ತಿ ಎದ್ದು ಹೊರಡಲಿಲ್ಲ.

ನಾನು ಸಿಟ್ಟು ಇಳಿದ ಮೇಲೆ ಬೇಡಿಕೊಂಡೆ. "ನೀ ಓದಿದಾಕಿ. ನಿನ್ನ ಮುಂದ ನಾ ಏನ ಹೇಳೂದವಾ" ಎಂದಳು, ಅಷ್ಟೇ. ಕುಹಕವಿರಲಿಲ್ಲ ಅದರಲ್ಲಿ, ಅದೇ ನನ್ನ ಸಂಕಟ. ಪಡಸಾಲೆ ದಾರ ಹರಿಯುವ ಸದ್ದು ಕೇಳುವಷ್ಟು ಮೌನವಾಯಿತು. ಸ್ವಲ್ಪ ದಿನಕ್ಕೆ ಯಾರೋ ಮೊಬೈಲು ತಂದು ಗೋಡೆಗೆ ಆನಿಸಿಟ್ಟರು, ಆಮೇಲೆ ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ವಾಯರು. ಒಟ್ಟಿಗೆ ಕೂರುವ ಕಾರಣವೇ ಹೋದ ಮೇಲೆ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕೂತು ಕಟ್ಟತೊಡಗಿದರು.

ಈಗ ನನ್ನನ್ನು ಕಾಡುವುದು ಇದು. ಕೋಟಿ ಕೋಟಿ ಸುರಿದು ಪುರಾಣ ತೆಗೆಯುವವರು ಬೇಕಾದ್ದನ್ನು ಬದಲಿಸುತ್ತಾರೆ. ಇಲ್ಲದ ಆಯುಧ, ಇಲ್ಲದ ರಾಕ್ಷಸ, ಇಲ್ಲದ ಯುದ್ಧ. ಅವರನ್ನು ಯಾರೂ ಇದು ಯಾವ ಕಾವ್ಯದಲ್ಲಿದೆ ಎಂದು ಕೇಳುವುದಿಲ್ಲ, ಸಿಳ್ಳೆ ಹೊಡೆಯುತ್ತಾರೆ. ಬಡ ಹೆಂಗಸೊಬ್ಬಳು ಒಬ್ಬ ಹುಡುಗನ ಒಂದೇ ಒಂದು ಬೆರಳು ಉಳಿಸಿದ್ದಳು. ಆ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿದವಳು ನಾನೇ.

ನಪಾಸಾದ ವರ್ಷದ ನಂತರ ಆ ಪರೀಕ್ಷೆಯನ್ನು ಮತ್ತೆ ಬರೆದೆ. ಹುಡುಗ ಬೆರಳು ಕತ್ತರಿಸಿದ, ಗುರುವಿಗೆ ಅರ್ಪಿಸಿದ, ಧನ್ಯನಾದ ಎಂದು ಪುಸ್ತಕದಲ್ಲಿದ್ದಂತೆಯೇ ಬರೆದೆ. ಪಾಸಾದೆ, ಒಳ್ಳೆಯ ಅಂಕವೇ ಬಂತು. ಅಷ್ಟರಲ್ಲಿ ದತ್ತೋಬಾ ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದ. ಅವನ ಮುಂದೆ ಹಿಡಿಯಬೇಕೆಂದು ಇಷ್ಟು ವರ್ಷ ಕಾದ ಕಾಗದವನ್ನು ಹಿಡಿಯಲು ಆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಸರ್ಟಿಫಿಕೇಟು ಕೈಗೆ ಬಂದ ದಿನ ನೇರ ಮನೆಗೆ ಬಂದೆ. ಅತ್ತಿ ಒಬ್ಬಳೇ ಪಡಸಾಲೆಯಲ್ಲಿದ್ದಳು, ಆಗಲೇ ದಮ್ಮು ಹೆಚ್ಚಾಗಿತ್ತು. ಮುಂದಿನ ಚಳಿಗಾಲವನ್ನು ಅವಳು ನೋಡಲಿಲ್ಲ. ನಾನು ಮೊದಲು ಅವಳಿಗೇ ಕೊಟ್ಟೆ. ಕೈಯನ್ನು ಸೀರೆಗೆ ಮತ್ತೆ ಮತ್ತೆ ಉಜ್ಜಿಕೊಂಡು, ಅಂಚನ್ನಷ್ಟೇ ಹಿಡಿದು, "ಏನೇನ ಬರದೈತಿ, ಓದ" ಅಂದಳು. ನನ್ನ ಹೆಸರು, ವಿಷಯ, ಯಾವ ದರ್ಜೆ, ಎಲ್ಲ ಓದಿದೆ.

"ಒಮ್ಮಿ ನಪಾಸಾಗಿದ್ದಿ, ಅದು ಇಲ್ಲೇನ?"

"ಇಲ್ಲ ಅತ್ತಿ. ಇದರಾಗ ಅದನ್ನ ಬರಿಯಾಂಗಿಲ್ಲ."

ಅವಳು ಕಾಗದವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅದನ್ನೂ ಬರೀಬೇಕಿತ್ತ ಅವರು," ಅಂದಳು. "ನಾ ಹೇಳಿದ ಕಥಿದು ಗುರ್ತ ಎಲ್ಲೆರ ಒಂದ ಕಡೆ ಉಳೀತಿತ್ತ."