ಸೇತುವೆಯಾಚೆ ಹನ್ನೊಂದು ಕುರ್ಚಿ

ಅಲ್ವೀಟಾ ಪ್ರುಯಿಟ್ ಶಿಕಾಗೋದ ದಕ್ಷಿಣ ಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವಳು. ಊರನ್ನು ಅವಳಿಗೆ ಯಾರೂ ನಕ್ಷೆ ಹಿಡಿದು ತೋರಿಸಬೇಕಿರಲಿಲ್ಲ. ರಸ್ತೆಯ ಮೇಲೆ ಹಾಯುವ ರೈಲು ಸೇತುವೆಗೆ ಮುಂಚಿನ ನಿಲ್ದಾಣ ಬಂತೆಂದರೆ ಬಿಳಿಯ ಪ್ರಯಾಣಿಕರೆಲ್ಲ ಇಳಿದುಬಿಡುತ್ತಿದ್ದರು. ಒಮ್ಮೆ ನಿದ್ದೆ ಹೋಗಿದ್ದ ಗೃಹಸ್ಥನೊಬ್ಬ ಸೇತುವೆ ದಾಟಿದ ಮೇಲೆ ಎಚ್ಚೆತ್ತು, ಪರದೇಶಕ್ಕೆ ಬಂದವನಂತೆ ಕಣ್ಣು ಕಣ್ಣು ಬಿಟ್ಟ. "ಹೆದರ್ಬೇಡಿ ಸ್ವಾಮಿ, ಇಲ್ಲೂ ಡಾಲರೇ ನಡೆಯೋದು" ಎಂದು ಅಲ್ವೀಟಾ ಸಮಾಧಾನ ಹೇಳಿದ್ದಳು.

ನಿವೃತ್ತಳಾಗಿ ಈಗ ಸೇತುವೆಯ ಈಚೆ, ಕಪ್ಪು ಜನರ ಬೀದಿಯಲ್ಲಿ, ಅಕ್ಕ ಲರ್ಲೀನಳ ಜೊತೆ ಇದ್ದಾಳೆ. ಅಕ್ಕನ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ವ್ಯಾನು ಬಂದು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಆ ಜನವರಿಯಲ್ಲಿ ಮಂಡಿಯುದ್ದ ಹಿಮ ಬಿತ್ತು. ಮಂಗಳವಾರ ವ್ಯಾನು ಬೀದಿಯ ತುದಿಯಿಂದಲೇ ಹಿಂತಿರುಗಿತು. ಗುರುವಾರವೂ ತಪ್ಪಿದರೆ ಜೀವಕ್ಕೇ ಸಂಚಕಾರ ಎಂದು ನರ್ಸಮ್ಮ ಫೋನಿನಲ್ಲಿ ಹೇಳಿದಳು.

ಹಿಮ ತಳ್ಳುವ ಲಾರಿ ಬರಲಿಲ್ಲವೇ? ಬಂತು. ಸೇತುವೆಯವರೆಗೆ ಬಂದು, ಅದರಡಿ ಸೊಗಸಾಗಿ ತಿರುಗಿ ವಾಪಸು ಹೋಯಿತು. ಹೀಗೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ ಎನ್ನುತ್ತಾರೆ ದೊಡ್ಡವರು. ಒಂದು ಕಾಲಕ್ಕೆ ಬರೆದೇ ಇತ್ತಲ್ಲ: ಆಚೆಯ ಮನೆಗಳ ಕ್ರಯಪತ್ರಗಳಲ್ಲಿ, ಕಪ್ಪು ಜನರಿಗೆ ಮಾರಕೂಡದೆಂದು. ಆ ಕಾಗದದ ಬೆಲೆ ಹೋಯಿತು. ಲಾರಿಗೆ ಮಾತ್ರ ಇನ್ನೂ ಬಾಯಿಪಾಠವಿದೆ.

ಅಲ್ವೀಟಾ ವಾರ್ಡ್ ಕಚೇರಿಗೆ ಮೂರು ಸಲ ಫೋನು ಮಾಡಿದಳು. ನಿಮ್ಮ ಬೀದಿ ಪಟ್ಟಿಯಲ್ಲಿದೆ ಎಂಬ ಉತ್ತರ ಮೂರು ಸಲವೂ ಬಂತು. ಪಟ್ಟಿ ಈ ಶತಮಾನದ್ದೇ ತಾನೆ ಎಂದು ಕೇಳಿದ್ದಕ್ಕೆ ಫೋನು ಕಟ್ಟಾಯಿತು.

ಅರ್ಧ ಮೈಲಿ ರಸ್ತೆಯನ್ನು ಮುದುಕರ ಸಲಿಕೆಗಳು ಬಳಿಯಲಾರವು. ಬುಧವಾರ ಬೆಳಿಗ್ಗೆ ಅವಳು ತನ್ನ ಜೊತೆ ಬಸ್ಸು ಓಡಿಸಿದ್ದ ಆರು ಮಂದಿ ಮುದುಕರನ್ನು ಕಟ್ಟಿಕೊಂಡು, ಸಲಿಕೆಗಳನ್ನೂ ಚರ್ಚಿನ ನೆಲಮಾಳಿಗೆಯ ಕುರ್ಚಿಗಳನ್ನೂ ಹೊತ್ತು ಸೇತುವೆ ದಾಟಿದಳು. ಲಾರಿ ಅಲ್ಲಿ ನಡುರಸ್ತೆ ಬಳಿದು ಹಿಮವನ್ನು ಅಂಚಿಗೆ ಗುಡ್ಡೆ ಹಾಕಿತ್ತು. ಅಂಚು ಅಗೆದು ಕಾರು ನಿಲ್ಲಿಸುವ ಜಾಗ ಮಾಡಿದವರು ಅಲ್ಲೊಂದು ಕುರ್ಚಿ ಇಟ್ಟರೆ, ಹಿಮ ಕರಗುವವರೆಗೆ ಆ ಜಾಗ ಅವರದೇ. ಈ ಊರಿನಲ್ಲಿ ದೇವರನ್ನು ನಂಬದವರೂ ಕುರ್ಚಿಯನ್ನು ನಂಬುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಡೊನ್ಲನ್‌ನ ಬಾರ್‌ನ ಮುಂದೆ ಅವರು ಅಗೆದ ಹನ್ನೊಂದು ಜಾಗ, ಹನ್ನೊಂದು ಕುರ್ಚಿ. ಕೊನೆಯದರ ಮೇಲೆ ಕಂಬಳಿ ಹೊದ್ದು ಅಲ್ವೀಟಾ.

ಡೊನ್ಲನ್ ಹೊರಗೆ ಬಂದ. ಕೆಂಪು ಮುಖ ಇನ್ನಷ್ಟು ಕೆಂಪಾಗಿತ್ತು.

"ನೀವು ಈ ಬೀದಿಯೋರಲ್ಲ."

"ಅಲ್ಲ. ಹಿಮ ಎತ್ತಿದ್ದು ಮಾತ್ರ ನಾವೇ. ಕುರ್ಚಿ ತೆಗೀಬೇಕಾ? ತೆಗೀರಿ, ನಿಮ್ಮ ಗಿರಾಕಿಗಳು ನೋಡ್ಲಿ."

ಡೊನ್ಲನ್ ಕೈ ಚಾಚಿದವನು ಹಿಂದಕ್ಕೆಳೆದುಕೊಂಡ. ಒಂದು ಚಳಿಗಾಲ ತನ್ನ ಕುರ್ಚಿ ಸರಿಸಿದನೆಂದು ಸ್ವಂತ ಭಾವಮೈದುನನ ಕಾರಿನ ನಾಲ್ಕೂ ಟೈರಿನ ಗಾಳಿ ತೆಗೆದವನು ಅವನು. ಒಂಬತ್ತು ವರ್ಷದಿಂದ ಮಾತುಕತೆಯಿಲ್ಲ. ಬೀದಿಗೆಲ್ಲ ಗೊತ್ತಿದ್ದ ಕಥೆ. ಗಿರಾಕಿಗಳ ಕಾರುಗಳೋ ಬಂದು, ಕುರ್ಚಿ ನೋಡಿ, ಗೌರವದಿಂದ ಮುಂದಿನ ಇನ್ನೊಂದು ಬಾರ್‌ಗೆ ಹೋಗುತ್ತಿದ್ದವು.

"ಏನ್ ಬೇಕು ನಿಮಗೆ?"

"ವಾರ್ಡ್ ಕಚೇರಿಗೆ ನಾನು ಮೂರು ಸಲ ಫೋನ್ ಮಾಡ್ದೆ. ನೀವು ಒಂದು ಸಲ ಮಾಡಿ. ಲಾರಿ ಸೇತುವೆ ದಾಟ್ಲಿ. ನಾಳೆ ಬೆಳಿಗ್ಗೆ ಅಕ್ಕನ ವ್ಯಾನು ಬಂದ್ಮೇಲೆ ಕುರ್ಚಿ ಎತ್ತಿಸ್ತೀನಿ."

ಡೊನ್ಲನ್ ಫೋನು ಮಾಡಿದ. ಎರಡು ನಿಮಿಷ ಮಾತಾಡಿದ, ಅದರಲ್ಲಿ ಒಂದು ನಿಮಿಷ ಹವಾಮಾನದ್ದು. ಮುಕ್ಕಾಲು ಗಂಟೆಯಲ್ಲಿ ಲಾರಿ ಸೇತುವೆಯಡಿ ಬಂದು, ಅಭ್ಯಾಸಬಲದಿಂದ ಒಮ್ಮೆ ತಿರುಗಲು ಹೋಗಿ, ಆಮೇಲೆ ನೆಟ್ಟಗೆ ಈಚೆ ಇಳಿಯಿತು. ಗೆದ್ದೆವೆಂದು ಮುದುಕರು ಕೈ ಕುಲುಕಿಕೊಂಡರು. ಅಲ್ವೀಟಾಳಿಗೆ ನಗು ಬರಲಿಲ್ಲ. ಅವಳ ಮೂರು ಫೋನು ಸೇರಿದರೂ ಅವನ ಒಂದಕ್ಕೆ ಸಮವಾಗಿರಲಿಲ್ಲ.

ಗುರುವಾರ ಒಂಬತ್ತಕ್ಕೆ ವ್ಯಾನು ಗೇಟಿನ ಮುಂದೆ ನಿಂತಿತು. ಲರ್ಲೀನ್ ಕನ್ನಡಿಯ ಮುಂದೆ ತುಟಿಗೆ ಬಣ್ಣ ಹಚ್ಚುತ್ತಲೇ ಇದ್ದಳು. ಚಾಲಕ ಎರಡು ಸಲ ಹಾರ್ನು ಹೊಡೆದು, ತಡವಾಗುತ್ತಿದೆ ಎಂದು ಗೊಣಗಿದ. ಅಲ್ವೀಟಾ ಮೆಟ್ಟಿಲ ಮೇಲೆ ನಿಂತೇ ಹೇಳಿದಳು:

"ನಾವು ಎರಡು ದಿನ ಕಾದಿದೀವಿ. ನೀನು ಹತ್ತು ನಿಮಿಷ ಕಾಯಪ್ಪ."